ಹೋಮ್‌ಸ್ಟೇ ರೂಟರ್‌ನ ಹರಿದ ಜರಡಿ: ಸರಿಪಡಿಸುವುದು ಹೇಗೆ?

ಕೊಡಗಿನ ಹೋಮ್‌ಸ್ಟೇ ಇರಲಿ, ತೋಟದ ಆಫೀಸಿರಲಿ, ಅತಿಥಿಗಳ ವೈ-ಫೈ, ಗೇಟಿನ ಕ್ಯಾಮೆರಾ, ರೈಟರ್ (ತೋಟದ ಲೆಕ್ಕ ಬರೆಯುವವರು) ಕೂರುವ ಕಂಪ್ಯೂಟರ್ ಎಲ್ಲವೂ ಸಾಮಾನ್ಯವಾಗಿ ಒಂದೇ ರೂಟರ್‌ಗೆ ಅಂಟಿಕೊಂಡಿರುತ್ತವೆ. ಯಾವ ಸಂಚಾರ ಒಳಗೆ ಬರಬೇಕು, ಯಾವುದನ್ನು ಹೊರಗೇ ತಡೆಯಬೇಕು ಎಂದು ಸೋಸುವ ಕೆಲಸ ಆ ರೂಟರ್‌ನ ಫೈರ್‌ವಾಲ್‌ನದು. ಜರಡಿ ಹರಿದರೆ ಕಣದಲ್ಲಿ ಕಾಫಿ ಬೀಜದ ಜೊತೆ ಕಲ್ಲೂ ಬೀಳುವುದು ಕಣ್ಣಿಗೆ ಕಾಣುತ್ತದೆ. ರೂಟರ್‌ನಲ್ಲಿ ಹಾಗೆ ಕಾಣುವುದಿಲ್ಲ. ಇಂಟರ್ನೆಟ್ ಎಂದಿನಂತೆಯೇ ಬರುತ್ತಿರುತ್ತದೆ.

ಇಲ್ಲಿ ಹೇಳುತ್ತಿರುವುದು ಮೈಕ್ರೋಟಿಕ್ ರೂಟರ್ ಮತ್ತು ಅದರ ರೂಟರ್‌ಒಎಸ್ ತಂತ್ರಾಂಶದ ಬಗ್ಗೆ. ಬೇರೆ ಕಂಪನಿಯ ರೂಟರ್‌ನಲ್ಲಿ ಮೆನುವಿನ ಹೆಸರು ಬದಲಾದೀತು, ತರ್ಕ ಬದಲಾಗದು.

ತೂತು ಎಲ್ಲಿತ್ತು?

2018ರ ಏಪ್ರಿಲ್‌ನಲ್ಲಿ ದೊಡ್ಡ ದೋಷವೊಂದು ಹೊರಬಿತ್ತು (ಸಿವಿಇ-2018-14847; ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತುಸಂಖ್ಯೆ). ರೂಟರ್ ನಿರ್ವಹಣೆಗೆ ಬಳಸುವ ವಿನ್‌ಬಾಕ್ಸ್ ತಂತ್ರಾಂಶದ 8291 ಪೋರ್ಟ್ (ಸಂಪರ್ಕ ಬರುವ, ಅಂಕಿ ಕೊಟ್ಟ ಬಾಗಿಲು) ಹೊರಗಿನಿಂದ ಸಿಕ್ಕಿದರೆ ಸಾಕು, ಲಾಗಿನ್ ಇಲ್ಲದೆಯೇ ಬಳಕೆದಾರರ ಪಾಸ್‌ವರ್ಡ್ ಕಡತವನ್ನು ಓದಬಹುದಿತ್ತು. ರೂಟರ್‌ಒಎಸ್ 6.42.1ರಲ್ಲಿ ಅದನ್ನು ಮುಚ್ಚಲಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಬಂದದ್ದು ಸಿವಿಇ-2019-3924. ಇದು ನೇರವಾಗಿ ಜರಡಿಗೇ ಸಂಬಂಧಿಸಿದ್ದು: ಲಾಗಿನ್ ಆಗದ ಹೊರಗಿನವನು ಅದೇ 8291 ಪೋರ್ಟಿನ ಮೂಲಕ ‘ಒಳಗಿನ ಆ ಸಾಧನಕ್ಕೆ ಈ ಸಂದೇಶ ಕಳಿಸು’ ಎಂದು ರೂಟರ್‌ಗೇ ಹೇಳಬಹುದಿತ್ತು. ಸಂದೇಶ ಹೊರಡುವುದು ರೂಟರ್‌ನಿಂದಲೇ ಆದ್ದರಿಂದ, ಹೊರಗಿನಿಂದ ಬರುವುದನ್ನು ತಡೆಯುವ ನಿಯಮಕ್ಕೆ ಅಲ್ಲಿ ಕೆಲಸವೇ ಇಲ್ಲ. ಟೆನೆಬಲ್ ಸಂಸ್ಥೆಯ ಸಂಶೋಧಕರು ಈ ದಾರಿಯಲ್ಲಿ ರೂಟರ್ ಹಿಂದಿದ್ದ ಕ್ಯಾಮೆರಾ ರೆಕಾರ್ಡರ್ ಒಂದನ್ನು ವಶಕ್ಕೆ ತೆಗೆದುಕೊಂಡು ತೋರಿಸಿದರು. ಸ್ಟೇಬಲ್ (ಹೊಸ ಸೌಲಭ್ಯ ಬೇಗ ಬರುವ) ಸಾಲಿನಲ್ಲಿ 6.43.12, ಲಾಂಗ್-ಟರ್ಮ್ (ಮುಖ್ಯವಾಗಿ ದೋಷ ಸರಿಪಡಿಸುವ) ಸಾಲಿನಲ್ಲಿ 6.42.12 ಇದಕ್ಕೆ ಮದ್ದು. ಆಮೇಲೆ ಸಾಮಾನ್ಯ ಅಡ್ಮಿನ್ ಖಾತೆ ಹಿಡಿದು ರೂಟರ್‌ನ ಪೂರ್ಣ ಹಿಡಿತ ಪಡೆಯುವ ಸಿವಿಇ-2023-30799 ಬಂತು. ಆದ್ದರಿಂದ 6ರ ಸಾಲಿನಲ್ಲೇ ಉಳಿಯುವವರು 6.49.8ಕ್ಕಿಂತ ಕೆಳಗೆ ಇರಲೇಬಾರದು.

ಮುಟ್ಟುವ ಮೊದಲು

ವಿನ್‌ಬಾಕ್ಸ್‌ನಲ್ಲಿ ಲಾಗಿನ್ ಆದಾಗ ಕಿಟಕಿಯ ನೆತ್ತಿಯಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಬಳಿಕ ‘ಫೈಲ್ಸ್’ಗೆ ಹೋಗಿ ‘ಬ್ಯಾಕಪ್’ ತೆಗೆದು ಕಂಪ್ಯೂಟರ್‌ಗೆ ಎಳೆದುಕೊಳ್ಳಿ. ರೂಟರ್‌ನ ಒಳಗೇ ಬಿಟ್ಟರೆ ರೂಟರ್ ಜೊತೆ ಅದೂ ಹೋಗುತ್ತದೆ. ಪಿಪಿಪಿಒಇ (ಸಂಪರ್ಕದಾರರ ಜಾಲಕ್ಕೆ ಲಾಗಿನ್ ಆಗಿ ಇಂಟರ್ನೆಟ್ ಪಡೆಯುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ನಿಮ್ಮ ಕೈಯಲ್ಲಿದೆಯೇ ನೋಡಿ. ಸಂಪರ್ಕ ಕೊಟ್ಟ ಹುಡುಗನ ಫೋನಿನಲ್ಲಿ ಮಾತ್ರ ಇದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ.

ಇನ್ನು ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮರ ಬಿದ್ದು ಲೈನ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಅಪ್‌ಡೇಟ್‌ನಲ್ಲಿ ಅಪಾಯವಿರುವುದು ಡೌನ್‌ಲೋಡ್ ಆಗುವಾಗಲ್ಲ, ರೀಬೂಟ್ ಆಗಿ ಹೊಸ ತಂತ್ರಾಂಶ ಕೂರುವ ಆ ಎರಡು ಮೂರು ನಿಮಿಷದಲ್ಲಿ. ಆಗ ಕರೆಂಟು ಹೋದರೆ ರೂಟರ್ ಏಳದೆ ಮಲಗಬಹುದು. ಎಬ್ಬಿಸಲು ನೆಟ್‌ಇನ್‌ಸ್ಟಾಲ್ ಎಂಬ ಸಾಧನದಿಂದ ಕೇಬಲ್ ಹಾಕಿ ಹೊಸದಾಗಿ ತಂತ್ರಾಂಶ ತುಂಬಬೇಕಾಗುತ್ತದೆ. ಹಾಗಾಗಿ ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಹ್ಯಾಪ್ ಲೈಟ್ ಮಾದರಿಗೆ 5 ವೋಲ್ಟ್ ಮೈಕ್ರೋ ಯುಎಸ್‌ಬಿ ಸಾಕು, ಪೂರ್ತಿ ಚಾರ್ಜ್ ಆದ ಪವರ್ ಬ್ಯಾಂಕ್‌ಗೇ ಸಿಕ್ಕಿಸಬಹುದು. ಆದರೆ ಪವರ್ ಬ್ಯಾಂಕನ್ನು ಅದೇ ಹೊತ್ತಿಗೆ ಚಾರ್ಜಿಗೆ ಹಾಕಬೇಡಿ: ಕರೆಂಟು ಹೋಗಿ ಬರುವ ಕ್ಷಣದಲ್ಲಿ ಕೆಲವು ಪವರ್ ಬ್ಯಾಂಕುಗಳು ಕಣ್ಣು ಮಿಟುಕಿಸುತ್ತವೆ, ರೂಟರ್‌ಗೆ ಅಷ್ಟೇ ಸಾಕು. ಉಳಿದ ಮಾದರಿಗಳಿಗೆ ಅಡಾಪ್ಟರ್ ಮೇಲಿನ ವೋಲ್ಟೇಜ್ ಓದಿಯೇ ಮಿನಿ ಯುಪಿಎಸ್ ಕೊಳ್ಳಿ.

ಅಪ್‌ಡೇಟ್

‘ಸಿಸ್ಟಮ್’ ಮೆನುವಿನ ‘ಪ್ಯಾಕೇಜಸ್’ನಲ್ಲಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. 6ರಲ್ಲೇ ಇರುವುದಾದರೆ ಚಾನೆಲ್ ‘ಲಾಂಗ್-ಟರ್ಮ್’ ಇರಲಿ. ಅಲ್ಲಿಂದ 7ಕ್ಕೆ ಹೋಗಲು ಚಾನೆಲನ್ನು ‘ಅಪ್‌ಗ್ರೇಡ್’ ಮಾಡಬೇಕು. ಹ್ಯಾಪ್ ಲೈಟ್‌ನಂಥ 16 ಎಂಬಿ ಸಂಗ್ರಹದ ಪುಟ್ಟ ರೂಟರ್‌ಗೆ 7 ಇಕ್ಕಟ್ಟು. ಅದಕ್ಕೆ ಸದ್ಯ 6ರ ಕೊನೆಯ ಲಾಂಗ್-ಟರ್ಮ್ ಆವೃತ್ತಿ ಹಾಕಿ, ಕಾಸು ಕೂಡಿದಾಗ ರೂಟರನ್ನೇ ಬದಲಿಸುವುದು ಮೇಲು. ‘ಜಾಗ ಸಾಲದು’ ಎಂಬ ಸಂದೇಶ ಬಂದರೆ ‘ಫೈಲ್ಸ್’ನಲ್ಲಿ ಬಿದ್ದಿರುವ ಹಳೆಯ ಬ್ಯಾಕಪ್‌ಗಳನ್ನು ಅಳಿಸಿ. ರೂಟರ್ ಎದ್ದ ಮೇಲೆ ‘ಸಿಸ್ಟಮ್’ನ ‘ರೂಟರ್‌ಬೋರ್ಡ್’ ತೆರೆದು ‘ಅಪ್‌ಗ್ರೇಡ್’ ಒತ್ತಿ ಇನ್ನೊಮ್ಮೆ ರೀಬೂಟ್ ಮಾಡಿ. ಈ ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ.

ಕಳ್ಳ ಮೊದಲೇ ಬಂದು ಹೋಗಿದ್ದರೆ?

ಅಪ್‌ಡೇಟ್ ತೂತನ್ನು ಮುಚ್ಚುತ್ತದೆ, ಒಳಗೆ ಬಂದವನನ್ನು ಓಡಿಸುವುದಿಲ್ಲ. 2018ರ ದೋಷದಿಂದ ಕಳ್ಳರ ಪಾಲಾದ ರೂಟರ್‌ಗಳೇ 2021ರಲ್ಲಿ ಮೆರಿಸ್ ಎಂಬ ಬಾಟ್‌ನೆಟ್‌ಗೆ (ಕಳ್ಳರು ವಶಪಡಿಸಿಕೊಂಡ ಸಾಧನಗಳ ದಾಳಿಪಡೆಗೆ) ಬಂಡವಾಳವಾದವು. ಅಪ್‌ಡೇಟ್ ಮಾಡಿ ಪಾಸ್‌ವರ್ಡ್ ಬದಲಿಸದವರ ರೂಟರ್‌ಗಳೂ ಅದರಲ್ಲಿದ್ದವು. ಹಾಗಾಗಿ ಈ ಜಾಗಗಳನ್ನು ಒಂದೊಂದಾಗಿ ತೆರೆದು ನೋಡಿ: ‘ಸಿಸ್ಟಮ್’ನ ‘ಶೆಡ್ಯೂಲರ್’ ಮತ್ತು ‘ಸ್ಕ್ರಿಪ್ಟ್ಸ್’ (ಹೊರಗಿನಿಂದ ಕಡತ ತರುವ, ನೀವು ಹಾಕಿರದ ‘ಫೆಚ್’ ಎಂಬ ಆಜ್ಞೆ ಇದೆಯೇ ಎಂದು), ‘ಐಪಿ’ಯ ‘ಸಾಕ್ಸ್’ ಮತ್ತು ‘ವೆಬ್ ಪ್ರಾಕ್ಸಿ’ (ಎರಡೂ ಆಫ್ ಇರಬೇಕು), ‘ಪಿಪಿಪಿ’ಯಲ್ಲಿ ‘ಎಲ್‌ವಿಪಿಎನ್’ ಎಂಬ ಹೆಸರಿನ ಅಥವಾ ನಿಮಗೆ ಗೊತ್ತಿಲ್ಲದ ಎಲ್2ಟಿಪಿ ಸಂಪರ್ಕ, ಫೈರ್‌ವಾಲ್‌ನಲ್ಲಿ 5678 ಪೋರ್ಟಿಗೆ ದಾರಿ ಬಿಡುವ ನಿಯಮ, ‘ಯೂಸರ್ಸ್’ನಲ್ಲಿ ಗುರುತಿಲ್ಲದ ಹೆಸರು.

ಇವುಗಳಲ್ಲಿ ಒಂದು ಸಿಕ್ಕಿದರೂ ಒರೆಸಿ ಸುಮ್ಮನಾಗಬೇಡಿ. ನೆಟ್‌ಇನ್‌ಸ್ಟಾಲ್‌ನಿಂದ ಹೊಸದಾಗಿ ತುಂಬಿ, ಹೊಂದಿಕೆಗಳನ್ನು ಕೈಯಾರೆ ಮತ್ತೆ ಹಾಕಿ. ಹಳೆಯ ಬ್ಯಾಕಪ್ ಮರಳಿ ಹಾಕಿದರೆ ಕಳ್ಳನ ಶೆಡ್ಯೂಲರೂ ಅದರ ಜೊತೆ ವಾಪಸು ಬರುತ್ತದೆ. ಏನೂ ಸಿಗದಿದ್ದರೂ ಪಾಸ್‌ವರ್ಡ್ ಬದಲಿಸಿ.

ನಿಯಮ ಯಾವ ಬಾಗಿಲಿಗೆ?

ಹೆಚ್ಚಿನ ಕಡೆ ನಿಜವಾದ ಎಡವಟ್ಟು ಇಲ್ಲಿದೆ, ನಿಧಾನವಾಗಿ ಓದಿ.

ಹಳೆಯ ರೂಟರ್‌ಒಎಸ್ ಜೊತೆ ಬರುತ್ತಿದ್ದ ಮೂಲ ನಿಯಮ ‘ಈಥರ್1 (ಇಂಟರ್ನೆಟ್ ತಂತಿ ಚುಚ್ಚುವ ಮೊದಲ ಕಿಂಡಿ) ಕಡೆಯಿಂದ ರೂಟರ್‌ಗೆ ಬರುವುದನ್ನು ಬಿಸಾಡು’ ಎಂದಿತ್ತು. ಬಿಎಸ್‌ಎನ್‌ಎಲ್ ಫೈಬರ್‌ನಂಥ ಪಿಪಿಪಿಒಇ ಸಂಪರ್ಕವನ್ನು ಮೈಕ್ರೋಟಿಕ್‌ನಲ್ಲೇ ಡಯಲ್ ಮಾಡಿಸಿದರೆ, ತಂತಿ ಈಥರ್1ಕ್ಕೇ ಚುಚ್ಚಿದ್ದರೂ ಇಂಟರ್ನೆಟ್ ಸಂಚಾರ ಒಳಬರುವುದು ‘ಪಿಪಿಪಿಒಇ-ಔಟ್1’ ಎಂಬ ಬೇರೆ ಬಾಗಿಲಿನಿಂದ. ನಿಯಮ ಈಥರ್1ರಲ್ಲಿ ಕಾವಲು ನಿಂತಿರುತ್ತದೆ, ಜನ ಪಕ್ಕದಿಂದ ನಡೆದು ಹೋಗುತ್ತಿರುತ್ತಾರೆ. ತಂತ್ರಾಂಶ ಎಷ್ಟೇ ಹೊಸದಾದರೂ ಇದು ಸರಿಹೋಗದು, ಏಕೆಂದರೆ ಅಪ್‌ಡೇಟ್ ನಿಮ್ಮ ಹಳೆಯ ನಿಯಮಗಳನ್ನು ಮುಟ್ಟುವುದಿಲ್ಲ.

ಪತ್ತೆ ಸುಲಭ. ‘ಐಪಿ’ಯ ‘ಫೈರ್‌ವಾಲ್’ ತೆರೆದು ‘ಫಿಲ್ಟರ್ ರೂಲ್ಸ್’ನಲ್ಲಿ ಪ್ರತಿ ಸಾಲಿನ ಕೊನೆಯ ‘ಪ್ಯಾಕೆಟ್ಸ್’ ಅಂಕಿ ನೋಡಿ. ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರವಾಗಿ ತಲುಪಬಹುದಾದ ವಿಳಾಸ) ಇರುವ ರೂಟರ್‌ಗೆ ಎಲ್ಲೆಲ್ಲಿಂದಲೋ ಬಾಗಿಲು ತಟ್ಟುವವರು ಸದಾ ಇರುತ್ತಾರೆ, ಆದ್ದರಿಂದ ‘ಡ್ರಾಪ್’ ಸಾಲಿನ ಅಂಕಿ ಏರುತ್ತಲೇ ಇರಬೇಕು. ಗಂಟೆ ಕಳೆದರೂ ಅದು 0 ಎಂದಿದ್ದರೆ ನಿಯಮ ತಪ್ಪು ಬಾಗಿಲಲ್ಲಿದೆ.

ಸರಿಪಡಿಸಲು ಮೊದಲು ವಿನ್‌ಬಾಕ್ಸ್‌ನ ಎಡ ಮೂಲೆಯ ‘ಸೇಫ್ ಮೋಡ್’ ಗುಂಡಿ ಒತ್ತಿ. ನಿಮ್ಮ ಹೊಸ ನಿಯಮ ನಿಮ್ಮನ್ನೇ ಹೊರಗಟ್ಟಿದರೆ ಸುಮಾರು ಹತ್ತು ನಿಮಿಷ ಕಾಯಿರಿ, ಬದಲಾವಣೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ‘ಇಂಟರ್‌ಫೇಸಸ್’ನ ‘ಇಂಟರ್‌ಫೇಸ್ ಲಿಸ್ಟ್’ನಲ್ಲಿ ‘ವ್ಯಾನ್’ (ಹೊರಗಿನ ಕಡೆ) ಪಟ್ಟಿಗೆ ಪಿಪಿಪಿಒಇ-ಔಟ್1 ಮತ್ತು ಈಥರ್1 ಎರಡನ್ನೂ, ‘ಲ್ಯಾನ್’ (ಒಳಗಿನ ಕಡೆ) ಪಟ್ಟಿಗೆ ನಿಮ್ಮ ಬ್ರಿಡ್ಜನ್ನು (ಒಳಗಿನ ತಂತಿ, ವೈ-ಫೈಗಳನ್ನು ಒಂದೇ ಜಾಲವಾಗಿಸುವ ಕೊಂಡಿಯನ್ನು) ಸೇರಿಸಿ. ಬಳಿಕ ‘ಇನ್‌ಪುಟ್’ (ರೂಟರ್‌ಗೇ ಬರುವ ಸಂಚಾರದ) ಸರಣಿಯಲ್ಲಿ ಈ ಕ್ರಮದಲ್ಲೇ ನಾಲ್ಕು ನಿಯಮ ಇರಲಿ: ಎಸ್ಟಾಬ್ಲಿಶ್ಡ್, ರಿಲೇಟೆಡ್, ಅನ್‌ಟ್ರ್ಯಾಕ್ಡ್ ಸಂಪರ್ಕಗಳಿಗೆ ಅಕ್ಸೆಪ್ಟ್, ಇನ್‌ವ್ಯಾಲಿಡ್‌ಗೆ ಡ್ರಾಪ್, ಐಸಿಎಂಪಿಗೆ (ಪಿಂಗ್‌ನಂಥ ತಪಾಸಣೆ ಸಂದೇಶಗಳಿಗೆ) ಅಕ್ಸೆಪ್ಟ್, ಕೊನೆಗೆ ‘ಲ್ಯಾನ್ ಪಟ್ಟಿಯಿಂದ ಬರದ್ದೆಲ್ಲ’ ಡ್ರಾಪ್. ಕೊನೆಯ ನಿಯಮದಲ್ಲಿ ಪಟ್ಟಿಯ ಹೆಸರಿನ ಎಡಕ್ಕಿರುವ ಪುಟ್ಟ ಚೌಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬರಬೇಕು; ಅದನ್ನು ಬಿಟ್ಟರೆ ಅರ್ಥ ತಲೆಕೆಳಗಾಗಿ ಮನೆಯವರೇ ಹೊರಗೆ ನಿಲ್ಲಬೇಕಾಗುತ್ತದೆ. ರೂಟರ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ನಿಯಮಕ್ಕೆ ನಿಲ್ಲುತ್ತದೆ. ಯಾರೋ ಹಿಂದೊಮ್ಮೆ ಮೇಲ್ಗಡೆ ‘ಎಲ್ಲ ಅಕ್ಸೆಪ್ಟ್’ ಎಂದು ತುರುಕಿದ್ದರೆ ಕೆಳಗಿನ ಡ್ರಾಪ್ ಬರೀ ಅಲಂಕಾರ.

‘ಫಾರ್ವರ್ಡ್’ (ರೂಟರ್ ದಾಟಿ ಹೋಗುವ ಸಂಚಾರದ) ಸರಣಿಯ ಕೊನೆಯಲ್ಲಿ ‘ವ್ಯಾನ್ ಪಟ್ಟಿಯಿಂದ ಬಂದ, ಡಿಎಸ್‌ಟಿ-ನ್ಯಾಟ್ ಆಗದ (ಒಳಗಿನ ಸಾಧನಕ್ಕೆ ನೀವೇ ದಾರಿ ತೆರೆದಿರದ) ಹೊಸ ಸಂಪರ್ಕ’ ಡ್ರಾಪ್ ಇರಬೇಕು. ಪಿಪಿಪಿಒಇ ವ್ಯಾನ್ ಪಟ್ಟಿಯಲ್ಲಿ ಇಲ್ಲದಿದ್ದರೆ ಇದೂ ನಿಷ್ಫಲ. ‘ಪಟ್ಟಿಯಲ್ಲಿ ಇಲ್ಲದಿದ್ದರೆ ಇಂಟರ್ನೆಟ್ಟೇ ಬರುತ್ತಿರಲಿಲ್ಲವಲ್ಲ’ ಎನ್ನುತ್ತೀರಾ? ‘ನ್ಯಾಟ್’ ತೆರೆದು ಮ್ಯಾಸ್ಕರೇಡ್ (ಒಳಗಿನ ಸಾಧನಗಳ ವಿಳಾಸ ಮರೆಸಿ ಹೊರಗೆ ಕಳಿಸುವ) ಸಾಲು ನೋಡಿ. ಅಲ್ಲಿ ಪಟ್ಟಿಯ ಬದಲು ನೇರವಾಗಿ ಪಿಪಿಪಿಒಇ-ಔಟ್1 ಎಂದಿದ್ದರೆ, ಸಂಪರ್ಕ ಕೊಟ್ಟವರು ಇಂಟರ್ನೆಟ್ ಬರಿಸಿ ಕೈತೊಳೆದುಕೊಂಡಿದ್ದಾರೆ, ಜರಡಿ ಹಾಗೇ ಹರಿದಿದೆ. ಎಲ್ಲ ಸರಿಯಾದ ಮೇಲೆ ಸೇಫ್ ಮೋಡ್ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಬಿಡಿಸಿ; ಹಾಗೆಯೇ ಕಿಟಕಿ ಮುಚ್ಚಿದರೆ ಮಾಡಿದ ಕೆಲಸವೆಲ್ಲ ಹೋಯಿತು.

ಬೇಡದ ಸೇವೆಗಳು, ಐಪಿವಿ6, ಅತಿಥಿಗಳು

‘ಐಪಿ’ಯ ‘ಸರ್ವಿಸಸ್’ನಲ್ಲಿ ಟೆಲ್ನೆಟ್, ಎಫ್‌ಟಿಪಿ, ವೆಬ್, ಎಪಿಐ ಎಲ್ಲ ಆಫ್. ವಿನ್‌ಬಾಕ್ಸ್ ಸಾಲಿನ ‘ಅವೈಲಬಲ್ ಫ್ರಮ್’ನಲ್ಲಿ ಒಳಜಾಲದ ವಿಳಾಸ ಮಾತ್ರ, ಉದಾಹರಣೆಗೆ 192.168.88.0/24.

ಐಪಿವಿ6 ಎಂಬ ಹೊಸ ಬಗೆಯ ಇಂಟರ್ನೆಟ್ ವಿಳಾಸಕ್ಕೆ ಫೈರ್‌ವಾಲ್ ಬೇರೆಯೇ ಇದೆ. 6ರಲ್ಲಿ ಐಪಿವಿ6 ಸಾಮಾನ್ಯವಾಗಿ ಆಫ್ ಇರುತ್ತಿತ್ತು, 7ರಲ್ಲಿ ಅದು ತಂತ್ರಾಂಶದ ಒಳಗೇ ಇದೆ. 6ರಿಂದ 7ಕ್ಕೆ ಏರಿದ ರೂಟರ್‌ನಲ್ಲಿ ಐಪಿವಿ6ರ ಫಿಲ್ಟರ್ ಪಟ್ಟಿ ಖಾಲಿ ಇರಬಹುದು. ಅಲ್ಲಿ ನ್ಯಾಟ್‌ನ ಮರೆಯೂ ಇಲ್ಲದ ಕಾರಣ ಗೇಟಿನ ಕ್ಯಾಮೆರಾ ನೇರ ಬೀದಿಗೆ ಬಿದ್ದಂತೆ. ಅಲ್ಲೂ ಇಂಥದೇ ನಿಯಮ ಹಾಕಿ, ಆದರೆ ಐಸಿಎಂಪಿವಿ6 ಮತ್ತು ಯುಡಿಪಿ 546 ಪೋರ್ಟನ್ನು ತಡೆಯಬೇಡಿ. ತಡೆದರೆ ಐಪಿವಿ6 ವಿಳಾಸ ಸಿಗುವುದೇ ನಿಲ್ಲುತ್ತದೆ. ಬಳಸದಿದ್ದರೆ ಪೂರ್ತಿ ಆಫ್ ಮಾಡಿಬಿಡಿ.

ಅತಿಥಿಗಳ ವೈ-ಫೈಗೆ ಬೇರೆ ಬ್ರಿಡ್ಜ್, ಬೇರೆ ವಿಳಾಸ ಕೊಡಿ. ಒಂದೇ ಬ್ರಿಡ್ಜ್‌ನಲ್ಲಿದ್ದರೆ ಅತಿಥಿಯ ಲ್ಯಾಪ್‌ಟಾಪ್‌ನಿಂದ ರೈಟರ್ ಕಂಪ್ಯೂಟರ್‌ಗೆ ಹೋಗುವ ಸಂಚಾರ ಐಪಿ ಫೈರ್‌ವಾಲ್‌ನ ಕಣ್ಣಿಗೇ ಬೀಳುವುದಿಲ್ಲ. ಬೇರೆ ಮಾಡಿದ ಮೇಲೆ ಫಾರ್ವರ್ಡ್‌ನಲ್ಲಿ ಅತಿಥಿ ಬ್ರಿಡ್ಜ್‌ನಿಂದ ಮನೆ ಬ್ರಿಡ್ಜ್‌ಗೆ ಡ್ರಾಪ್ ಹಾಕಿ. ಆಗ ಒಂದು ದೂರು ಬರುವುದುಂಟು: ‘ವೈ-ಫೈ ಕನೆಕ್ಟ್ ಆಗಿದೆ, ಏನೂ ತೆರೆಯುತ್ತಿಲ್ಲ.’ ಅತಿಥಿ ಬ್ರಿಡ್ಜ್ ಲ್ಯಾನ್ ಪಟ್ಟಿಯಲ್ಲಿ ಇಲ್ಲದ್ದರಿಂದ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕುವ) ಪ್ರಶ್ನೆಗಳೂ ಡ್ರಾಪ್ ಆಗುತ್ತಿರುತ್ತವೆ. ಇನ್‌ಪುಟ್‌ನ ಕೊನೆಯ ಡ್ರಾಪ್‌ಗಿಂತ ಮೇಲೆ, ಅತಿಥಿ ಬ್ರಿಡ್ಜ್‌ನಿಂದ ಬರುವ ಯುಡಿಪಿ ಮತ್ತು ಟಿಸಿಪಿ 53ಕ್ಕೆ ಅಕ್ಸೆಪ್ಟ್ ಕೊಟ್ಟರೆ ಸರಿಹೋಗುತ್ತದೆ. ಅತಿಥಿ ಬ್ರಿಡ್ಜನ್ನೇ ಲ್ಯಾನ್ ಪಟ್ಟಿಗೆ ಸೇರಿಸುವುದು ಸುಲಭದ ದಾರಿ, ತಪ್ಪು ದಾರಿ: ರೂಟರ್‌ನ ಲಾಗಿನ್ ಅವರಿಗೂ ತೆರೆದುಕೊಳ್ಳುತ್ತದೆ.

ಪರೀಕ್ಷೆ

ಒಳಗಿನಿಂದ ನೋಡಿ ಉಪಯೋಗವಿಲ್ಲ. ಫೋನಿನ ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಯಾವುದಾದರೂ ಪೋರ್ಟ್ ಸ್ಕ್ಯಾನ್ ಆ್ಯಪ್‌ನಿಂದ ನಿಮ್ಮದೇ ಪಬ್ಲಿಕ್ ಐಪಿಯ 8291, 80, 22, 53 ಪೋರ್ಟುಗಳನ್ನು ನೋಡಿ. ನಾಲ್ಕೂ ಉತ್ತರ ಕೊಡಬಾರದು. 53 ತೆರೆದಿದ್ದರೆ ಯಾರದೋ ಮೇಲಿನ ದಾಳಿಗೆ ನಿಮ್ಮ ರೂಟರ್ ಡಿಎನ್‌ಎಸ್ ಉತ್ತರ ಸುರಿಯುತ್ತಿರಬಹುದು. ಅತಿಥಿ ಒಬ್ಬರೂ ಇಲ್ಲದ ರಾತ್ರಿಯಲ್ಲೂ ಅಪ್‌ಲೋಡ್ ತುಂಬಿ ಹರಿಯುವುದಕ್ಕೆ ಇದೊಂದು ಕಾರಣ. ಪಿಪಿಪಿಒಇ-ಔಟ್1ರ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮಗೆ ಪಬ್ಲಿಕ್ ಐಪಿ ಕೊಟ್ಟಿಲ್ಲ ಎಂದರ್ಥ. ಆಗ ಹೊರಗಿನ ಸ್ಕ್ಯಾನ್ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ, ‘ಮುಚ್ಚಿದೆ’ ಎಂಬ ಉತ್ತರವನ್ನು ನಂಬಬೇಡಿ. ಆದರೂ ಅದೇ ಸಂಪರ್ಕದಾರರ ಜಾಲದೊಳಗಿನ ಇನ್ನೊಂದು ಮನೆಯಿಂದ ತಟ್ಟಲು ಸಾಧ್ಯ. ಹಾಗಾಗಿ ಅಂಥ ಕಡೆ ಫಿಲ್ಟರ್ ರೂಲ್ಸ್‌ನ ಪ್ಯಾಕೆಟ್ ಅಂಕಿಯನ್ನೇ ನೋಡಿ: ಬೆಳಿಗ್ಗೆ ಒಮ್ಮೆ ಬರೆದಿಟ್ಟು, ಸಂಜೆ ಹೋಲಿಸಿ.