ಲಿನಕ್ಸ್ ಮಿಂಟ್‌ಗೆ ಹೊಸಬರೇ? ಕನ್ನಡದಿಂದಲೇ ಶುರು ಮಾಡಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಕ್ಕನ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲಾಗಲಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟೆ. ಇದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಅಕ್ಕ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ವಿಂಡೋಸ್‌ನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುತ್ತಿದ್ದ ಅವಳು ಕೇಳಿದ ಮೊದಲ ಮಾತು: "ನುಡಿ ಥರ ಟೈಪ್ ಮಾಡೋಕಾಗುತ್ತಾ?" ಆಗುತ್ತದೆ. ಆದರೆ ಮಿಂಟ್ ಹಾಕುವ ಮುಂಚೆಯೇ ಒಂದು ಕೆಲಸವಿದೆ.

ನುಡಿ, ಬರಹ ತಂತ್ರಾಂಶಗಳ ಹಳೆ ಆಸ್ಕಿ ಫಾಂಟ್‌ನಲ್ಲಿ ಬರೆದಿಟ್ಟ ಫೈಲುಗಳು ಮಿಂಟ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇನ್ನೂ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಅವನ್ನು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಲೆಕ್ಕಕ್ಕೆ ಟ್ಯಾಲಿ ಬಳಸುವವರು, ಅದು ವಿಂಡೋಸ್‌ಗೆಂದೇ ಇರುವುದರಿಂದ, ವಿಂಡೋಸನ್ನು ಪೂರ್ತಿ ಅಳಿಸಲೇಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ.

ಮಿಂಟ್ ಬಂದ ಮೇಲೆ ಮೊದಲು ಟೈಮ್‌ಶಿಫ್ಟ್ ತೆರೆಯಿರಿ. ಅದು ಆಗಲೇ ಒಳಗಿರುತ್ತದೆ. 'ಆರ್‌ಸಿಂಕ್' ಆರಿಸಿ, ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನಾದರೂ ಕೆಟ್ಟರೆ ಈ ದಿನದ ಸ್ಥಿತಿಗೆ ವಾಪಸ್ ಬರಬಹುದು. ಇದು ಉಳಿಸುವುದು ಸಿಸ್ಟಂ ಫೈಲುಗಳನ್ನು ಮಾತ್ರ. ನಿಮ್ಮ ಫೋಟೊ, ಪತ್ರಗಳನ್ನು ಬೇರೆ ಡಿಸ್ಕಿಗೆ ನೀವೇ ನಕಲು ಮಾಡಿಕೊಳ್ಳಬೇಕು.

ಈಗ ಕನ್ನಡ. ಮೆನುವಿನಲ್ಲಿ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ಹುಡುಕಿ. ಅದರಲ್ಲಿ 'ಐಬಸ್-ಎಂ17ಎನ್' ಎಂಬ, ಕನ್ನಡ ಟೈಪಿಂಗ್‌ಗೆ ಬೇಕಾದ ಪ್ಯಾಕೇಜ್ ಗುರುತು ಮಾಡಿ. ಜೊತೆಗೆ 'ಫಾಂಟ್ಸ್-ಗುಬ್ಬಿ', 'ಫಾಂಟ್ಸ್-ನವಿಲು' ಕೂಡ ಇರಲಿ, ಗುಬ್ಬಿ ಮತ್ತು ನವಿಲು ಎಂಬ ಎರಡು ಚಂದದ ಅಕ್ಷರಶೈಲಿ ಸಿಗುತ್ತವೆ. 'ಅಪ್ಲೈ' ಒತ್ತಿ. ಆಮೇಲೆ ಮೆನುವಿನ 'ಇನ್‌ಪುಟ್ ಮೆಥಡ್'ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಈ ಲಾಗ್ ಔಟ್ ಬಿಟ್ಟುಬಿಟ್ಟು 'ಕೆಲಸ ಮಾಡ್ತಿಲ್ಲ' ಎಂದು ಕೈಬಿಡುವವರೇ ಜಾಸ್ತಿ. ಕೊನೆಗೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ, ಅದರೊಳಗೆ 'ಕೆಜಿಪಿ' ಸೇರಿಸಿ. ಅದೇ ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ಕೀಲಿ ವಿನ್ಯಾಸ. ಎ, ಕೆ, ಎಫ್, ಕೆ ಒತ್ತಿದರೆ 'ಅಕ್ಕ' ಮೂಡುತ್ತದೆ, ಒತ್ತಕ್ಷರಕ್ಕೆ ಎಫ್ ಕೀಲಿ ನುಡಿಯಲ್ಲಿದ್ದ ಹಾಗೇ. ಇಂಗ್ಲಿಷಿಗೂ ಕನ್ನಡಕ್ಕೂ ಬದಲಾಗಲು ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿ.

ವರ್ಡ್ ಥರದ ಲಿಬ್ರೆಆಫೀಸ್ ರೈಟರ್‌ನಲ್ಲಿ ಅಕ್ಕ ಇನ್ನೊಂದು ಕಡೆ ಸಿಕ್ಕಿಬಿದ್ದಳು. ಮೊದಲೇ ಹೊಂದಿಸಿಟ್ಟ ಫಾಂಟ್ ಕನ್ನಡಕ್ಕೆ ತಾಗುತ್ತಲೇ ಇರಲಿಲ್ಲ. ಅಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಭಾರತೀಯ ಲಿಪಿಗಳಿಗೆ ಇನ್ನೊಂದು. ಟೂಲ್ಸ್, ಆಪ್ಷನ್ಸ್, ಭಾಷೆಗಳ ಪುಟಕ್ಕೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' (ಸಿಟಿಎಲ್) ಎದುರು ಕನ್ನಡ ಆರಿಸಿ. ಸಿಟಿಎಲ್ ಫಾಂಟ್ ಕೇಳುವ ಕಡೆಯಲ್ಲೆಲ್ಲ ಗುಬ್ಬಿಯನ್ನೋ ನವಿಲನ್ನೋ ಕೊಡಿ. ಪ್ರಶ್ನೆಪತ್ರಿಕೆಯನ್ನು ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ. ಆಗ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚೆದುರುವುದಿಲ್ಲ.

ಬೇರೆ ತಂತ್ರಾಂಶಗಳಿಗೆ ಗೂಗಲ್‌ನಲ್ಲಿ ಸುಮ್ನೆ ಹುಡುಕಬೇಡಿ. ವಿಂಡೋಸ್‌ನ ಇಎಕ್ಸ್‌ಇ ಫೈಲುಗಳು ಇಲ್ಲಿ ನೇರವಾಗಿ ಓಡುವುದಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಬಹಳಷ್ಟು ಇದೆ: ವಿಡಿಯೊಗೆ ವಿಎಲ್‌ಸಿ, ಚಿತ್ರ ತಿದ್ದಲು ಜಿಂಪ್. ಹಳೆ ಪುಸ್ತಕದ ಫೋಟೊದಿಂದ ಪಠ್ಯ ಬೇಕಾದರೆ ಜಿಇಮೇಜ್‌ರೀಡರ್, ಜೊತೆಗೆ ಟೆಸೆರಾಕ್ಟ್‌ನ ಕನ್ನಡ ಪ್ಯಾಕೇಜ್ ಹಾಕಿ. ನನ್ನ ಮಟ್ಟಿಗೆ ಇದು ಮೇಷ್ಟ್ರುಗಳಿಗೆ ಬಹಳ ಉಪಯೋಗದ್ದು. ಒಂದೇ ವೈಫೈನಲ್ಲಿರುವ ಎರಡು ಕಂಪ್ಯೂಟರುಗಳ ನಡುವೆ ಫೈಲು ಕಳಿಸಲು ವಾರ್ಪಿನೇಟರ್ ಮೊದಲೇ ಇದೆ.

ಇನ್ನೊಂದು ಸಣ್ಣ ಸೌಕರ್ಯ. ಪಠ್ಯವನ್ನು ಮೌಸ್‌ನಿಂದ ಆರಿಸಿ, ಬೇಕಾದ ಜಾಗದಲ್ಲಿ ಮೌಸ್ ಚಕ್ರ ಒತ್ತಿದರೆ ಅದು ಅಲ್ಲಿ ಬಂದು ಕೂರುತ್ತದೆ. ಎಂದಾದರೂ ಮೆನು, ಪ್ಯಾನೆಲ್‌ಗಳು ಅಲುಗಾಡದೆ ನಿಂತುಬಿಟ್ಟರೆ ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ. ಕಂಟ್ರೋಲ್, ಆಲ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಸಿನಮನ್ ಎಂಬ ಮಿಂಟ್‌ನ ಡೆಸ್ಕ್‌ಟಾಪ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದಿದ್ದ ಪ್ರಶ್ನೆಪತ್ರಿಕೆ ಹಾಗೇ ಇರುತ್ತದೆ.