ಹಳೆಯ ಸಿನಿಮಾದಲ್ಲಿ ಕಂಡ ಆ ಕಾರು ಯಾವುದು? ಗುರುತು ಹಿಡಿಯುವ ಕ್ರಮ

ಕಾರಿಗಿಂತ ಮೊದಲು ಚಿತ್ರದ ಪ್ರತಿಯನ್ನು ನೋಡಿ. 4:3 ಅಳತೆಯ (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಹಳೆಯ ಚಿತ್ರಗಳನ್ನು ಅಗಲದ ಪರದೆಗೆ ಎಳೆದು ಹಿಗ್ಗಿಸಿದ ಪ್ರತಿಗಳು ಬಹಳ. ಅವುಗಳಲ್ಲಿ ಪುಟ್ಟ ಫಿಯಟ್ಟೂ ಅಮೆರಿಕದ ಕಾರಿನಷ್ಟು ಉದ್ದ ಕಾಣುತ್ತದೆ. ಕಾರು ಪೂರ್ತಿ ಅಡ್ಡಲಾಗಿ ನಿಂತ ಫ್ರೇಮಿನಲ್ಲಿ ಗಾಲಿ ದುಂಡಗಿರಬೇಕು. ಮೊಟ್ಟೆಯಾಕಾರ ಕಂಡರೆ ಕಂಪ್ಯೂಟರಿನಲ್ಲಿ ವಿಡಿಯೋ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ಎ (A) ಕೀಲಿ ಒತ್ತುತ್ತಾ ಅಳತೆ ಸರಿಮಾಡಿ. ಓಡುವ ಕಾರಿನ ಅಂಚಿನಲ್ಲಿ ಗೆರೆಗೆರೆ ಬಂದರೆ ಡಿ (D) ಒತ್ತಿ, ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗಲು ಇ (E).

ಈಗ ಅಳೆಯಿರಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಇರುವ ದೂರವನ್ನು ಟೈರಿನ ಎತ್ತರದಿಂದ ಭಾಗಿಸಿ. ಅಂಬಾಸಿಡರ್‌ಗೆ ಆ ದೂರ 97 ಇಂಚು, ಉತ್ತರ ಸುಮಾರು 3.7 ಬರುತ್ತದೆ. 119 ಇಂಚಿನ ಶೆವರ್ಲೆ ಇಂಪಾಲಾಗೆ 4.4ರ ಆಸುಪಾಸು. ಕಾರು ಸ್ವಲ್ಪ ಓರೆಯಾಗಿ ನಿಂತಿದ್ದರೂ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ನೇರ ಅಡ್ಡ ನೋಟ ಸಿಗುವವರೆಗೆ ಹುಡುಕಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬಾಗಿಲು. ನಾಯಕ ಕಾರಿನಿಂದ ಇಳಿಯುವ ದೃಶ್ಯ ಸಿಕ್ಕರೆ ಕೀಲು ಯಾವ ಕಡೆ ಇದೆ ನೋಡಿ. 1964ಕ್ಕೆ ಮುಂಚಿನ ಫಿಯಟ್ 1100 ಸೆಲೆಕ್ಟ್ ಕಾರುಗಳ ಮುಂಬಾಗಿಲಿನ ಕೀಲು ಹಿಂಭಾಗದಲ್ಲಿ, ಬಾಗಿಲು ಹಿಂದಕ್ಕೆ ತೆರೆಯುತ್ತದೆ. 1964ರಲ್ಲಿ ಬಂದ 1100 ಡಿ ಮಾದರಿಯಲ್ಲಿ ಕೀಲು ಮುಂದಕ್ಕೆ ಬಂತು. ಅದೇ ಕಾರು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಮುಂದೆ ಪದ್ಮಿನಿ ಆಯಿತು. ಹಾಗಾಗಿ 1966ರ ಚಿತ್ರದಲ್ಲಿ ಕಂಡ ಕಾರನ್ನು ಪದ್ಮಿನಿ ಎಂದು ಬರೆಯಬೇಡಿ.

ಅಂಬಾಸಿಡರ್ ಮತ್ತು ಲ್ಯಾಂಡ್‌ಮಾಸ್ಟರ್ ಗೊಂದಲ ಇನ್ನೂ ಹೆಚ್ಚು. 1954ರ ಲ್ಯಾಂಡ್‌ಮಾಸ್ಟರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಎರಡನೇ ಸರಣಿಯದು: ಬಾನೆಟ್ ನುಣುಪು, ಹಿಂದಿನ ಮಡ್‌ಗಾರ್ಡ್ ದುಂಡು. ಮೂರನೇ ಸರಣಿಯಿಂದ ಬಂದ ಅಂಬಾಸಿಡರ್‌ಗೆ ಬಾನೆಟ್ ಮೇಲೆ ಉದ್ದುದ್ದ ಮಡಿಕೆಗಳು, ಹಿಂದಿನ ಮಡ್‌ಗಾರ್ಡ್ ಮೇಲೆ ರೆಕ್ಕೆಯಂತೆ ಎದ್ದ ಚಿಕ್ಕ ಅಂಚುಗಳು. ಇವೆರಡನ್ನು ನೋಡಿದ ಮೇಲೆಯೇ ಗ್ರಿಲ್ ಕಡೆ ಬನ್ನಿ. ಹಳೆಯ ಅಂಬಾಸಿಡರ್‌ಗೆ ಹೊಸ ಮಾರ್ಕ್‌ನ (ಮುಂದಿನ ಆವೃತ್ತಿಯ) ಗ್ರಿಲ್ ಹಾಕಿಸಿಕೊಂಡವರು ತುಂಬಾ ಮಂದಿ; ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಯಾವ ಭಾಗದಿಂದಲೂ ವರ್ಷ ಹೇಳುವುದು ಅಪಾಯ. ವೀಲ್ ಕಪ್ ಅಂತೂ ಕೊನೆಯ ಸಾಕ್ಷಿ.

ಎರಡೇ ಬಾಗಿಲಿನ, ಹೆಡ್‌ಲೈಟ್ ಮೇಲೆ ಹುಬ್ಬಿನಂಥ ಅಂಚಿರುವ ಚಿಕ್ಕ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್ ಇರಬಹುದು. 1961ರಿಂದ ಮದ್ರಾಸಿನಲ್ಲಿ ತಯಾರಾದದ್ದು. ಇದರ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ತೆರೆಯುತ್ತದೆ. ಮುಂಗಾಲಿಯ ಹಿಂದೆ, ಬಾಗಿಲಿಗೆ ಮುಂಚೆ ಆ ಜೋಡಣೆಯ ಗೆರೆ ಕಾಣುತ್ತದೆ. ನಾಲ್ಕು ಬಾಗಿಲಿನ ಹೆರಾಲ್ಡ್ ಕಂಡರೆ ಅನುಮಾನ ಬೇಡ, ಅದು ಭಾರತದಲ್ಲಿ ಮಾತ್ರ ಬಂದ ಮಾದರಿ.

ಖಳನಾಯಕರ ಅಮೆರಿಕನ್ ಕಾರುಗಳಿಗೆ ದೀಪಗಳೇ ದಾರಿ. ಮುಂದೆ ನಾಲ್ಕು ಹೆಡ್‌ಲೈಟ್ ಇದ್ದರೆ ಸಾಮಾನ್ಯವಾಗಿ 1958 ಅಥವಾ ಆಮೇಲಿನದು. ಹಿಂಭಾಗದ ರೆಕ್ಕೆ ಚಪ್ಪಟೆಯಾಗಿ ಹರಡಿ, ಅದರಡಿ ಬೆಕ್ಕಿನ ಕಣ್ಣಿನಂಥ ಉದ್ದ ದೀಪವಿದ್ದರೆ 1959ರ ಶೆವರ್ಲೆ. 1960ರಿಂದ 65ರವರೆಗಿನ ಇಂಪಾಲಾಗೆ ಹಿಂದೆ ಒಂದೊಂದು ಬದಿ ಮೂರು ದುಂಡು ದೀಪ. ಎರಡೇ ಇದ್ದರೆ ಅಗ್ಗದ ಬೆಲ್ ಏರ್ ಅಥವಾ ಬಿಸ್ಕೇನ್ ಕಡೆ ನೋಡಿ. ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಎರಡೂ ಪ್ಲಿಮತ್ ಬಾಡಿಯ ಮೇಲೆ ಬೇರೆ ಮುಖ ಕೂರಿಸಿದ ಕಾರುಗಳಾದ್ದರಿಂದ ಬದಿಯಿಂದ ಬೇರ್ಪಡಿಸಲು ಹೋಗಬೇಡಿ, ಮುಂಭಾಗ ಕಾಣುವ ಫ್ರೇಮ್ ಬೇಕು.

ಚಿತ್ರ ತೆರೆಕಂಡ ವರ್ಷ ಕಾರಿನ ವಯಸ್ಸಿಗೆ ಒಂದೇ ಕಡೆಯ ಎಲ್ಲೆ: ಕಾರು ಅದಕ್ಕಿಂತ ಹೊಸದಿರಲಾರದು, ಆದರೆ ಹದಿನೈದು ವರ್ಷ ಹಳೆಯದಿರಬಹುದು. 1950ರ ದಶಕದಲ್ಲಿ ಆಮದು ಬಿಗಿಯಾಗಿ, ಜೋಡಣೆ ಮಾತ್ರ ಮಾಡುತ್ತಿದ್ದ ಜನರಲ್ ಮೋಟರ್ಸ್, ಫೋರ್ಡ್ ಇಲ್ಲಿಂದ ಹೊರಟುಹೋದವು. ಇದ್ದ ಕಾರುಗಳನ್ನೇ ಜನ ಜೋಪಾನ ಮಾಡಿದರು.

ನಂಬರ್ ಪ್ಲೇಟ್ ಊರು ಹೇಳುತ್ತದೆ, ಮಾದರಿ ಹೇಳುವುದಿಲ್ಲ. ಎಂವೈ ಇಂದ ಶುರುವಾದರೆ ಮೈಸೂರು ರಾಜ್ಯ, ಎಂಎಸ್ ಅಥವಾ ಎಂಡಿ ಇದ್ದರೆ ಮದ್ರಾಸು, ಬಿಎಂ ಬೊಂಬಾಯಿ. ಕೆಎ ಬಂದದ್ದು 1989ರಲ್ಲಿ. ಐವತ್ತು, ಅರವತ್ತರ ದಶಕದ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾದ್ದರಿಂದ, ಕಥೆ ಬೆಂಗಳೂರಿನದಾದರೂ ಕಾರು ಮದ್ರಾಸಿನದಿರುವುದು ಸಹಜ. ಅಕ್ಷರಗಳು ತಿರುಗುಮುರುಗಾಗಿದ್ದರೆ ದೃಶ್ಯವನ್ನೇ ಮಗುಚಿ ಮುದ್ರಿಸಿದ್ದಾರೆ. ಸ್ಟೀರಿಂಗ್ ಎಡಗಡೆ ಕಾಣುವುದೂ ಅದಕ್ಕೇ ಇರಬಹುದು.

ಎಂಬತ್ತರ ದಶಕದ ಬೆಂಗಳೂರಿನ ಬೀದಿ ದೃಶ್ಯಗಳಲ್ಲಿ ಹಿನ್ನೆಲೆಯನ್ನೂ ಬಿಡಬೇಡಿ. ಇದೇ ಊರಿನಲ್ಲಿ ತಯಾರಾದ ಮೂರು ಗಾಲಿಯ ಬಾದಲ್, ಎರಡು ಬಾಗಿಲಿನ ಸಿಪಾನಿ ಡಾಲ್ಫಿನ್ ಅಲ್ಲಿ ಸಿಕ್ಕರೆ ನಿಜವಾಗಿ ಅಪರೂಪ. ಎರಡೂ ಫೈಬರ್ ಬಾಡಿಯವು.

ಒಳಗೆ ಕೂತು ಹಾಡುವ ದೃಶ್ಯವನ್ನು ಹೊರಗಿನ ಕಾರಿಗೆ ಸಾಕ್ಷಿಯಾಗಿ ಬಳಸಬೇಡಿ. ಹಿಂದೆ ಪರದೆಯ ಮೇಲೆ ರಸ್ತೆ ಓಡಿಸಿ, ಸ್ಟುಡಿಯೋದಲ್ಲಿ ನಿಲ್ಲಿಸಿದ ಬೇರೆಯೇ ಕಾರಿನಲ್ಲಿ ಚಿತ್ರೀಕರಿಸಿರಬಹುದು. ಡ್ಯಾಶ್‌ಬೋರ್ಡ್, ಮುಂಗಾಜಿನ ಕಂಬ ಎರಡೂ ಹೊರನೋಟಕ್ಕೆ ಹೊಂದಿದರೆ ಮಾತ್ರ ಒಂದೇ ಕಾರು ಎನ್ನಿ.

ಇಷ್ಟಾದ ಮೇಲೂ ತಿಳಿಯದಿದ್ದರೆ ಮುಂಭಾಗ, ಅಡ್ಡ ನೋಟ, ಹಿಂಭಾಗ ಹೀಗೆ ಮೂರು ಫ್ರೇಮ್‌ಗಳನ್ನು ಕತ್ತರಿಸದೆ ಉಳಿಸಿ, ಚಿತ್ರದ ಹೆಸರು, ವರ್ಷ, ದೃಶ್ಯದ ನಿಮಿಷ ಬರೆದು ಬಲ್ಲವರಿಗೆ ತೋರಿಸಿ.