ಕಫದ ಡಬ್ಬಿ ಕೈಗೆ ಕೊಟ್ಟಾಗ

ಇಪ್ಪತ್ತೆರಡು ವರ್ಷಗಳಿಂದ ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದೇನೆ. ಬೆಳಿಗ್ಗೆ ಬಂದ ಡಬ್ಬಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಯಾವುದು ಎದೆಯಿಂದ ಬಂದದ್ದು, ಯಾವುದು ಬರೀ ಎಂಜಲು ಎಂದು ಅರ್ಧ ತಿಳಿದುಬಿಡುತ್ತದೆ. ಎಂಜಲು ನೀರಿನಂತೆ ತೆಳ್ಳಗಿರುತ್ತದೆ, ಮೇಲೆ ನೊರೆ ಕಟ್ಟಿರುತ್ತದೆ. ಕಫವಾದರೆ ಡಬ್ಬಿ ಓರೆ ಮಾಡಿದರೂ ಬೇಗ ಜಾರುವುದಿಲ್ಲ. ಅಂಟಂಟಾಗಿ, ಹಳದಿಯೋ ಹಸಿರೋ ಬೆರೆತ ಲೋಳೆಯಾಗಿ ತಳ ಹಿಡಿದಿರುತ್ತದೆ.

ಹತ್ತಿರ ಎಪ್ಪತ್ತು ವಯಸ್ಸಿನ ರೈತರೊಬ್ಬರು ಕಳೆದ ಮಳೆಗಾಲದಲ್ಲಿ ಎರಡು ಸಲ ಎಂಜಲನ್ನೇ ತಂದುಕೊಟ್ಟರು. ಬೀಡಿ ಸೇದಿ ಸೇದಿ ಎದೆ ಗೊರಗೊರ ಎನ್ನುತ್ತಿತ್ತು. ಮತ್ತೊಂದು ಡಬ್ಬಿ ಕೊಡಲು ಹೋದಾಗ, “ಉಗುಳಿ ತಾ ಎಂದರು, ಉಗುಳಿದೆ ತಾಯಿ, ಇನ್ನೇನು ಮಾಡಲಿ?” ಎಂದರು. ತಪ್ಪು ಅವರದಲ್ಲ. ಡಬ್ಬಿ ಕೊಡುವ ನಾವೇ ಸರಿಯಾಗಿ ಹೇಳುವುದಿಲ್ಲ. ಅಂದು ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ ಸಾಕಷ್ಟು ನೀರು ಕುಡಿಯಿರಿ. ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಅಷ್ಟೇ ಕುಡಿಯಿರಿ. ಬೆಳಿಗ್ಗೆ ಎದ್ದೊಡನೆ, ಕಾಫಿ ತಿಂಡಿಗೆ ಮುಂಚೆ, ಕಫ ತೆಗೆಯುವುದು ಉತ್ತಮ. ರಾತ್ರಿಯಿಡೀ ಎದೆಯಲ್ಲಿ ಸೇರಿದ್ದು ಆಗ ಸುಲಭವಾಗಿ ಬರುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಕಾಯಿಸಿ ಆರಿಸಿದ ಬರೀ ನೀರಿನಿಂದ ಎರಡು ಮೂರು ಸಲ ಚೆನ್ನಾಗಿ ಬಾಯಿ ಮುಕ್ಕಳಿಸಿ. ಕ್ರಿಮಿನಾಶಕ ಮೌತ್‌ವಾಶ್ ಬೇಡ. ನಾವು ಬೆಳೆಸಬೇಕಾದ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲಬಹುದು. ಎಲೆ ಅಡಿಕೆ ಹಾಕಿದ ಬಾಯಿಯಾದರೆ ಕೆಂಪು ಪೂರ್ತಿ ಹೋಗುವವರೆಗೆ ಮುಕ್ಕಳಿಸಿ, ಇಲ್ಲವಾದರೆ ರಕ್ತವೆಂದು ಗಾಬರಿಯಾಗುತ್ತದೆ.

ಆಮೇಲೆ ಅಂಗಳಕ್ಕೋ ತಾರಸಿಗೋ ಹೋಗಿ, ಮಕ್ಕಳು ಹತ್ತಿರ ಇರಬಾರದು. ನೆಟ್ಟಗೆ ಕುಳಿತು ನಿಧಾನವಾಗಿ ಮೂರು ಸಲ ಆಳವಾಗಿ ಉಸಿರೆಳೆದು ಬಿಡಿ. ನಾಲ್ಕನೆಯ ಸಲ ಬಾಯಿ ಅಗಲವಾಗಿ ತೆರೆದು, ಕನ್ನಡಿ ಒರೆಸುವ ಮುನ್ನ ಬಿಸಿಯುಸಿರು ಊದುತ್ತೇವಲ್ಲ, ಹಾಗೆ ‘ಹಾ’ ಎಂದು ಜೋರಾಗಿ ಹೊರಹಾಕಿ. ಕಫ ಮೇಲೇರಿದ್ದು ಎದೆಯಲ್ಲಿ ಗೊತ್ತಾಗುತ್ತದೆ. ಆಗ ಹೊಟ್ಟೆಯಿಂದ ಬಲ ತಂದು ಕೆಮ್ಮಿ. ಗಂಟಲು ಕ್ಯಾಕರಿಸಿದರೆ ಬರುವುದು ಗಂಟಲಿನದು, ಮೂಗಿನ ಹಿಂಬದಿಯದು. ನಮಗೆ ಬೇಕಾದ್ದು ಅದಲ್ಲ. ಎರಡರಿಂದ ಐದು ಮಿಲಿಲೀಟರ್, ಅಂದರೆ ಅರ್ಧದಿಂದ ಒಂದು ಟೀ ಚಮಚದಷ್ಟು ಸಾಕು. ಡಬ್ಬಿಯ ಒಳಗೆ ಬೆರಳು ತಾಗಿಸದೆ ಮುಚ್ಚಳ ಬಿಗಿಮಾಡಿ. ಹೆಸರು, ಹೊತ್ತು ಎರಡನ್ನೂ ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಕಲ್ಚರ್‌ಗಾದರೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗಾದರೆ, ಎರಡು ಗಂಟೆಯೊಳಗೆ ತಲುಪಿಸಿ. ಕ್ಷಯದ ಪರೀಕ್ಷೆಗೆ ಸಾಮಾನ್ಯವಾಗಿ ಎರಡು ಡಬ್ಬಿ ಕೇಳುತ್ತೇವೆ: ಒಂದು ಆಸ್ಪತ್ರೆಗೆ ಬಂದಾಗಲೇ, ಇನ್ನೊಂದು ಮುಂಜಾನೆಯದು.

ಪ್ರತಿಜೀವಕ (ಆಂಟಿಬಯಾಟಿಕ್) ಶುರುವಾಗುವ ಮೊದಲೇ ಕಫ ಕೊಟ್ಟರೆ ಒಳ್ಳೆಯದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಯ ಹೆಸರು ನಮಗೆ ತಿಳಿಸಿ.

ಎಂಜಲಾದರೆ ಏನಂತೆ ಎಂದು ಕೇಳುವವರಿದ್ದಾರೆ. ಒಂದು ಮಿಲಿಲೀಟರ್ ಎಂಜಲಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಶ್ವಾಸಕೋಶದಲ್ಲಿ ಆರೋಗ್ಯವಾಗಿದ್ದಾಗ ಇರುವುದು ಬಹಳ ಕಡಿಮೆ. ಅಲ್ಲಿ ಏನೂ ಇಲ್ಲ ಎಂದೇ ನಾನು ಓದುವಾಗ ಕಲಿಸಿದ್ದರು. 2010ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಶ್ವಾಸನಾಳದ ಮಾದರಿಗಳಲ್ಲಿನ ಡಿಎನ್‌ಎ ಓದಿ, ಅಲ್ಲೂ ಸೂಕ್ಷ್ಮಜೀವಿಗಳ ನೆಲೆ ಇದೆ ಎಂದು ತೋರಿಸಿದರು. ಆರೋಗ್ಯವಂತರಲ್ಲಿ ಪ್ರಿವೊಟೆಲ್ಲಾದಂಥ ಬ್ಯಾಕ್ಟೀರಿಯಾ ಹೆಚ್ಚಿದ್ದವು, ಅಸ್ತಮಾ ಇದ್ದವರಲ್ಲಿ ಹಿಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬಳಗ ಹೆಚ್ಚಿತ್ತು. ನಿದ್ದೆಯಲ್ಲಿ ಎಂಜಲಿನ ಹನಿಗಳು ಎಲ್ಲರಲ್ಲೂ ಕೆಳಗೆ ಜಾರುತ್ತವೆ. ಶ್ವಾಸನಾಳದ ಒಳಗೋಡೆಯ ಸಣ್ಣ ರೋಮಗಳು ಅವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಬೀಡಿಯ ಹೊಗೆ ಆ ರೋಮಗಳನ್ನು ಕೆಡಿಸಿದಾಗ, ಬಂದು ಹೋಗಬೇಕಾದವು ಅಲ್ಲೇ ಬೀಡುಬಿಡುತ್ತವೆ. ಹೀಗಾಗಿ ಯಾವುದು ಬಾಯಿಯದು, ಯಾವುದು ಎದೆಯದು ಎಂದು ಬಿಡಿಸಿ ಹೇಳುವುದೇ ನಮ್ಮ ಕೆಲಸದ ಕಷ್ಟದ ಭಾಗ.

ಆ ಅಜ್ಜನ ಮೊದಲ ಸ್ಲೈಡ್‌ನಲ್ಲಿ ಮುರಿದ ಹಪ್ಪಳದ ಚೂರಿನಂಥ ಅಗಲ ಜೀವಕೋಶಗಳೇ ತುಂಬಿದ್ದವು. ಅವು ಬಾಯಿಯ ಒಳಚರ್ಮದವು. ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ಒಂದು ನೋಟಕ್ಕೆ ಹತ್ತಕ್ಕಿಂತ ಹೆಚ್ಚು ಕಂಡರೆ ಸಾಮಾನ್ಯ ಕಲ್ಚರ್‌ಗೆ ಅದನ್ನು ತೆಗೆದುಕೊಳ್ಳುವುದಿಲ್ಲ. ಮೂರನೆಯದರಲ್ಲಿ ಅವು ಎರಡೋ ಮೂರೋ ಇದ್ದವು, ಸುತ್ತಲೂ ಬಿಳಿ ರಕ್ತಕಣಗಳ ದಟ್ಟಣೆ, ನಡುವೆ ತಿಳಿಗೆಂಪಿನ ಪುಟ್ಟ ಪುಟ್ಟ ಕಡ್ಡಿಗಳಂಥ ಬ್ಯಾಕ್ಟೀರಿಯಾ. ಕಾಯಿಸಿದ ರಕ್ತ ಬೆರೆಸಿದ ಕಂದು ತಟ್ಟೆಯಲ್ಲಿ, ನಾವು ಚಾಕೊಲೇಟ್ ಅಗರ್ ಎನ್ನುವುದರಲ್ಲಿ, ಮರುದಿನ ಇಬ್ಬನಿಯ ಹನಿಗಳಂತೆ ಹಿಮೋಫಿಲಸ್ ಬೆಳೆದಿತ್ತು. ಎರಡು ಡಬ್ಬಿ ಹೇಳದಿದ್ದುದನ್ನು ಮೂರನೆಯದು ಹೇಳಿತು.

ವರದಿಯಲ್ಲಿ ‘ನಾರ್ಮಲ್ ಫ್ಲೋರಾ’ ಎಂದಿದ್ದರೆ ಅದು ರೋಗದ ಹೆಸರಲ್ಲ. ಬಾಯಿ, ಗಂಟಲಿನ ಸಹಜ ನಿವಾಸಿಗಳು ಬೆಳೆದಿವೆ ಎಂದಷ್ಟೇ ಅರ್ಥ. ‘ಕ್ಯಾಂಡಿಡಾ’ ಎಂದು ಕಂಡರೂ ಬಹುಪಾಲು ಸಲ ಅದು ಬಾಯಿಯಿಂದ ಬಂದ ಶಿಲೀಂಧ್ರ. ಸ್ಟಿರಾಯ್ಡ್ ಇನ್ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕೆನ್ನುವುದೂ ಈ ಶಿಲೀಂಧ್ರದ ಕಾರಣಕ್ಕೇ. ಈ ಪದಗಳನ್ನು ನೋಡಿ ಔಷಧ ಅಂಗಡಿಗೆ ಓಡಬೇಡಿ, ವೈದ್ಯರಿಗೆ ತೋರಿಸಿ.

ಎಷ್ಟು ಕೆಮ್ಮಿದರೂ ಕಫ ಬರಲಿಲ್ಲವೆಂದರೆ ಎಂಜಲು ತುಂಬಿ ತರಬೇಡಿ, ಖಾಲಿ ಡಬ್ಬಿಯನ್ನೇ ತನ್ನಿ. ವೈದ್ಯರು ಸರಿ ಎಂದರೆ ಉಪ್ಪುನೀರನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬುಲೈಸರ್ ಹಿಡಿದು, ಪಕ್ಕದಲ್ಲಿ ನಿಂತು, ನಾವೇ ತೆಗೆಸುತ್ತೇವೆ.